ಬ್ರೌಸರಿನ ಗುಂಡಿಗಳು ಯಾರ ಅಧೀನದಲ್ಲಿರಬೇಕು?

ಅಂತರಜಾಲದ ಪುಟವೊಂದನ್ನು ತೆರೆದಾಗ ಮೇಲ್ಗಡೆ ವಿಳಾಸಪಟ್ಟಿ ಕಾಣುವುದಷ್ಟೆ. ಅದರ ಬಲತುದಿಯಲ್ಲಿ ನಕ್ಷತ್ರದಂತಹ ಕೆಲವು ಚಿಕ್ಕ ಗುಂಡಿಗಳಿರುತ್ತವೆ. ಇವು ಇಡೀ ಬ್ರೌಸರಿಗಲ್ಲ, ಎದುರಿಗಿರುವ ಪುಟವೊಂದಕ್ಕೇ ಸಂಬಂಧಿಸಿದವು. ಪುಟವನ್ನು ಗುರುತಿಟ್ಟುಕೊಳ್ಳುವುದು, ಜಾಹೀರಾತುಗಳ ಗೊಂದಲವಿಲ್ಲದೆ ಓದಲು ಅನುಕೂಲ ಮಾಡಿಕೊಡುವುದು, ಇವೇ ಮೊದಲಾದುವು ಅವುಗಳ ಕೆಲಸ. ಇವುಗಳಲ್ಲಿ ಯಾವುವು ಎಲ್ಲಿರಬೇಕೆಂಬುದನ್ನು ನಿರ್ಧರಿಸತಕ್ಕವರು ತಯಾರಕರೋ, ಬಳಸುವವರೋ?

ಫೈರ್‌ಫಾಕ್ಸಿನ ಚರಿತ್ರೆಯಲ್ಲಿ ಇದಕ್ಕೆ ಎರಡು ಉತ್ತರಗಳಿವೆ. 2017ರ ನವೆಂಬರಿನಲ್ಲಿ ಹೊರಬಂದ 57ನೆಯ ಆವೃತ್ತಿಯಲ್ಲಿ ಮೂರು ಚುಕ್ಕೆಗಳ ಗುರುತಿನಡಿ ಇಂತಹ ಕಾರ್ಯಗಳ ಪಟ್ಟಿಯೊಂದಿತ್ತು. ಬೇಕಾದುದನ್ನು ಅಲ್ಲಿಂದ ವಿಳಾಸಪಟ್ಟಿಗೆ ತರುವ, ಬೇಡವಾದುದನ್ನು ತೆಗೆಯುವ ಸ್ವಾತಂತ್ರ್ಯ ಬಳಸುವವರಿಗಿತ್ತು. 2021ರ ಜೂನಿನಲ್ಲಿ ಬಂದ 89ನೆಯ ಆವೃತ್ತಿಯಲ್ಲಿ ಸರಳತೆಯ ದೃಷ್ಟಿಯಿಂದ ಆ ಪಟ್ಟಿಯನ್ನೇ ತೆಗೆದುಹಾಕಲಾಯಿತು.

ಸರಳತೆಯ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆಯ್ಕೆಗಳು ಹೆಚ್ಚಿದಂತೆ ನಿರ್ಧಾರಕ್ಕೆ ತಗಲುವ ಕಾಲವೂ ಹೆಚ್ಚುವುದೆಂದು ಬ್ರಿಟನ್ನಿನ ಹಿಕ್ 1952ರಲ್ಲಿ ತೋರಿಸಿದರು. ಆದರೆ 1954ರಲ್ಲಿ ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ ಕಂಡುಹಿಡಿದ ನಿಯಮವನ್ನೂ ಗಮನಿಸಬೇಕು. ಗುರಿ ದೂರವಾದಷ್ಟೂ ಚಿಕ್ಕದಾದಷ್ಟೂ ಕೈ ಅದನ್ನು ಮುಟ್ಟಲು ಹೆಚ್ಚು ಕಾಲ ಬೇಕು. ದಿನವೂ ಬೇಕಾಗುವ ಸಾಸಿವೆಯ ಡಬ್ಬಿ ಒಲೆಯ ಪಕ್ಕದಲ್ಲಿಯೂ, ಹಬ್ಬಕ್ಕೆ ಮಾತ್ರ ಬೇಕಾಗುವ ಪಾತ್ರೆ ಅಟ್ಟದ ಮೇಲೂ ಇರುವುದು ಇದರಿಂದಲೇ. ಆದರೆ ದಿನವೂ ಬೇಕಾದುದು ಎಲ್ಲರಿಗೂ ಒಂದೇ ಅಲ್ಲ. ಒಬ್ಬ ವಿದ್ಯಾರ್ಥಿಗೆ ಭಾಷಾಂತರದ ಗುಂಡಿ ಬೇಕು. ದೃಷ್ಟಿ ಮಂದವಾದವರಿಗೆ ಅಕ್ಷರವನ್ನು ದೊಡ್ಡದಾಗಿಸುವ ಗುಂಡಿ ಬೇಕು. ಆದುದರಿಂದ ಆಯ್ಕೆಯು ಬಳಸುವವರದೇ ಆಗಬೇಕೆಂಬುದು ನಮ್ಮ ಅಭಿಪ್ರಾಯ.

ಈ ಸ್ವಾತಂತ್ರ್ಯಕ್ಕೆ ಕೆಲವು ಎಲ್ಲೆಗಳು ಅವಶ್ಯ. ಒಮ್ಮೆ ಇಟ್ಟ ಗುಂಡಿ ಅಲ್ಲಿಯೇ ಇರಬೇಕು. ಪುಟಕ್ಕೆ ಅದು ಅನ್ವಯಿಸದಿದ್ದರೆ ಮಾಯವಾಗದೆ ಮಸುಕಾಗಬೇಕು. ಇಲ್ಲವಾದರೆ ಕೈಗೆ ಅಭ್ಯಾಸವೇ ಆಗದು. ಗಾತ್ರವು ತೀರ ಕುಗ್ಗಬಾರದು. 2023ರ ಅಂತರರಾಷ್ಟ್ರೀಯ ಸುಗಮತಾ ಮಾರ್ಗಸೂಚಿಯು ಕನಿಷ್ಠ 24 ಪಿಕ್ಸೆಲ್ ಅಗಲ, ಅಷ್ಟೇ ಎತ್ತರವನ್ನು ಹೇಳುತ್ತದೆ. ನಡುಗುವ ಕೈಗಳಿಗೆ ಇದು ಸಣ್ಣ ವಿಷಯವಲ್ಲ. ಸಂಪರ್ಕದ ಭದ್ರತೆಯನ್ನು ತಿಳಿಸುವ ಗುರುತನ್ನು ಮಾತ್ರ ಯಾರೂ ಸರಿಸುವಂತಿರಬಾರದು, ಬೇರೆ ಗುಂಡಿಯು ಅದರ ವೇಷ ಧರಿಸುವಂತೆಯೂ ಇರಬಾರದು. ಎಲ್ಲವನ್ನೂ ಮೊದಲಿನಂತೆ ಮಾಡುವ ಮಾರ್ಗವೂ ಇರತಕ್ಕದ್ದು.

ನಾವು ಬಳಸುವ ಯಂತ್ರ ನಮ್ಮ ಕೈಗೆ ಒಗ್ಗಬೇಕೇ ಹೊರತು ನಮ್ಮ ಕೈ ಯಂತ್ರಕ್ಕಲ್ಲ. ನಾಳೆ ಇಂತಹ ಸಾಧನಗಳನ್ನು ರಚಿಸಲಿರುವ ವಿದ್ಯಾರ್ಥಿಗಳು ಇದನ್ನು ಮರೆಯದಿರಲಿ.