‘ಬರೀ ಶೀತ ಕಣೇ’ ಅಂದಿದ್ದರು ದೊಡ್ಡಪ್ಪ

ಹೋದ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ದೊಡ್ಡಮ್ಮ ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ಹಾಲು ಉಕ್ಕಿ ಸ್ಟೋವ್ ಆರಿಹೋಗಿ, ಮನೆ ತುಂಬಾ ಗ್ಯಾಸ್ ವಾಸನೆ. ನಾನು ಮಹಡಿ ಮೇಲೆ ಲ್ಯಾಪ್‌ಟಾಪ್ ಮುಂದೆ ಮೀಟಿಂಗ್‌ನಲ್ಲಿದ್ದೆ. ದೊಡ್ಡಪ್ಪ ಮಾತ್ರ ಅಡುಗೆಮನೆ ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಆರಾಮಾಗಿ ಪೇಪರ್ ಓದ್ತಿದ್ರು. ಅವರಿಗೆ ಗೊತ್ತೇ ಆಗಿರಲಿಲ್ಲ. ಗೊತ್ತಾಗೋದಾದ್ರೂ ಹೇಗೆ? ಅವರ ಮೂಗಿಗೆ ವಾಸನೆ ತಿಳಿಯದೆ ವರ್ಷಗಳೇ ಆಗಿವೆ.

ದೊಡ್ಡಪ್ಪ 21 ವರ್ಷ ಸೇನೆಯಲ್ಲಿದ್ದವರು, ಅದರಲ್ಲಿ ಒಂದಷ್ಟು ವರ್ಷ ಲಡಾಖ್ ಕಡೆ. ಧನುರ್ಮಾಸ ಬಂತೆಂದರೆ ತಲೆ ಮೇಲೆ ಟವೆಲ್ ಹೊದ್ದು, ಬಿಸಿನೀರಿಗೆ ನೀಲಗಿರಿ ಎಣ್ಣೆ ಹಾಕಿ ಆವಿ ತಗೊಳ್ಳೋ ಅವರ ಚಿತ್ರವೇ ನನ್ನ ಬಾಲ್ಯದ ಚಳಿಗಾಲ. ಹಾಲು ಕೆಟ್ಟಿದೆಯಾ, ಸಾರು ಹಳಸಿದೆಯಾ ಅಂತ ದೊಡ್ಡಮ್ಮನೇ ಮೂಸಿ ಹೇಳಬೇಕು. ‘ಶೀತದ ಮೈ ಅವರದು’ ಅಂತ ಮನೆಯವರೆಲ್ಲ ಅಂದುಕೊಂಡು ಸುಮ್ಮನಿದ್ದೆವು.

ಆವತ್ತು ಸಂಜೆ ಕೇಳಿಯೇಬಿಟ್ಟೆ. ದೊಡ್ಡಪ್ಪ ಮಾತಾಡದೆ ಕಬ್ಬಿಣದ ಟ್ರಂಕ್ ತೆಗೆದು ಒಂದು ಹಳದಿಯಾದ ಕಾಗದ ಕೊಟ್ಟರು. 2006ರಲ್ಲಿ ಅವಧಿ ಮುಗಿಸಿ ಬರುವಾಗ ನಡೆದ ವೈದ್ಯಕೀಯ ಪರೀಕ್ಷೆಯ ವರದಿ, ಅಂದರೆ ರಿಲೀಸ್ ಮೆಡಿಕಲ್ ಬೋರ್ಡ್‌ನ ಕಾಗದ. ದೀರ್ಘಕಾಲದ ಸೈನಸೈಟಿಸ್, ಮೂಗಿನೊಳಗೆ ಪಾಲಿಪ್, ಅಂಗವೈಕಲ್ಯ ಶೇ 20 ಅಂತಿತ್ತು. ಅದರ ಮುಂದೆ ನಾಲ್ಕೇ ಅಕ್ಷರ: ಎನ್‌ಎಎನ್‌ಎ. ಸೇವೆಯಿಂದ ಬಂದ ಕಾಯಿಲೆಯೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಅನ್ನೋದರ ಇಂಗ್ಲಿಷ್ ಹ್ರಸ್ವರೂಪ. ಕೂಡಿಸಿ ಓದಿದರೆ ‘ನಾನಾ’. ಕನ್ನಡದಲ್ಲಿ ಅದು ‘ತಪ್ಪು ಮಾಡಿದ್ದು ನಾನಾ?’ ಅಂತ ಕೇಳಿದ ಹಾಗೇ ಇತ್ತು ನನಗೆ.

ಈ ನಾಲ್ಕು ಅಕ್ಷರ ಬಿದ್ದರೆ ಪಿಂಚಣಿ ಬರುತ್ತೆ, ಅದರ ಜೊತೆ ಬರಬೇಕಾದ ಅಂಗವೈಕಲ್ಯದ ಮೊತ್ತ ಬರಲ್ಲ. ಮೇಲ್ಮನವಿಗೆ ಆರು ತಿಂಗಳು ಟೈಮ್ ಇತ್ತು. ‘ಯಾಕೆ ಹಾಕ್ಲಿಲ್ಲ ದೊಡ್ಡಪ್ಪ?’ ಅಂದೆ.

‘ಬರೀ ಶೀತ ಕಣೇ. ಆಸ್ಪತ್ರೇಲಿ ನನ್ನ ಪಕ್ಕದ ಹಾಸಿಗೆಯವನು ಹಿಮದಲ್ಲಿ ಕಾಲು ಕಳ್ಕೊಂಡಿದ್ದ. ಅವನ ಮುಂದೆ ಮೂಗು ತೋರಿಸ್ಕೊಂಡು ನಾನು ಏನಂತ ಅರ್ಜಿ ಬರೀಲಿ?’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿಯೆಲ್ಲ ಫೋನ್ ಹಿಡಿದು ತೀರ್ಪುಗಳನ್ನು ಓದುತ್ತಾ ಕೂತೆ. ಸಿಕ್ಕಿದ್ದು ಧರ್ಮವೀರ್ ಸಿಂಗ್ ಪ್ರಕರಣ, ಸುಪ್ರೀಂ ಕೋರ್ಟ್, ಜುಲೈ 2013. ಅವರೂ ಸಿಪಾಯಿ. ಮೂರ್ಛೆ ರೋಗ ಅಂತ ಒಂಬತ್ತು ವರ್ಷದ ಸೇವೆಯ ನಂತರ 1994ರಲ್ಲಿ ಮನೆಗೆ ಕಳಿಸಿದ್ದರು. ಅವರಿಗೂ ಶೇ 20, ಅವರಿಗೂ ಪಿಂಚಣಿ ಇಲ್ಲ. ಕೋರ್ಟ್ ಹೇಳಿದ್ದರ ಸಾರ ಇಷ್ಟು: ಸೇರಿಸಿಕೊಳ್ಳುವಾಗ ತಪಾಸಣೆ ಮಾಡಿ ಆರೋಗ್ಯವಂತ ಅಂತ ತಗೊಂಡಿದ್ದೀರಿ, ದಾಖಲೆಯಲ್ಲಿ ಕಾಯಿಲೆ ಬರೆದಿಲ್ಲ. ಹಾಗಾದ್ರೆ ಆಮೇಲೆ ಬಂದದ್ದು ಸೇವೆಯಿಂದಲೇ ಅಂತ ಭಾವಿಸಬೇಕು. ಅಲ್ಲ ಅನ್ನೋದಾದರೆ ಮೆಡಿಕಲ್ ಬೋರ್ಡ್ ಕಾರಣ ಬರೆಯಬೇಕು. ಸಾಬೀತು ಮಾಡೋ ಹೊರೆ ಸೈನಿಕನ ಮೇಲಿಲ್ಲ, ಅನುಮಾನ ಇದ್ದರೆ ಅದರ ಲಾಭ ಅವನಿಗೇ.

ದೊಡ್ಡಪ್ಪನ ಕಾಗದದಲ್ಲಿ ಕಾರಣದ ಕಾಲಂ ನೋಡಿದೆ. ಅರ್ಧ ಸಾಲು, ಅದೂ ‘ಸೇವೆಗೆ ಸಂಬಂಧವಿಲ್ಲ’ ಅಂತಷ್ಟೇ. ಅದು ಕಾರಣವೇ?

ಇನ್ನೊಂದು ತೀರ್ಪು ರಾಮ್ ಅವತಾರ್ ಅವರದ್ದು, ಡಿಸೆಂಬರ್ 2014. ಅರ್ಹತೆ ಸಿಕ್ಕಮೇಲೆ ಶೇ 50ಕ್ಕಿಂತ ಕಡಿಮೆ ಇರೋದನ್ನು 50 ಅಂತ ಲೆಕ್ಕ ಹಿಡಿಯೋ ಸೌಲಭ್ಯ, ಅವಧಿ ಮುಗಿಸಿ ನಿವೃತ್ತರಾದವರಿಗೂ ಇದೆ ಅಂತ ಹೇಳಿದ್ದು ಅದು. ಅಂದರೆ ದೊಡ್ಡಪ್ಪನ 20, 50 ಆಗಬಹುದು.

ನೀವು ಕೇಳಬಹುದು, ಸೈನಸ್ ಯಾರಿಗಿಲ್ಲ ಸ್ವಾಮಿ? ಬೆಂಗಳೂರಿಗೆ ಬಂದು ಎರಡು ವರ್ಷಕ್ಕೆ ನನಗೂ ಬಂತು. ನ್ಯಾಯವಾದ ಪ್ರಶ್ನೆಯೇ. ಇದೇ ಪ್ರಶ್ನೆ ಅಮೆರಿಕದಲ್ಲೂ ಬಹಳ ವರ್ಷ ಇತ್ತು. ಇರಾಕ್, ಅಫ್ಘಾನಿಸ್ತಾನದ ಶಿಬಿರಗಳಲ್ಲಿ ಕಸವನ್ನೆಲ್ಲ ದೊಡ್ಡ ಗುಂಡಿಗೆ ಹಾಕಿ ಸುಡುತ್ತಿದ್ದರು, ಆ ಹೊಗೆ ಕುಡಿದ ಸೈನಿಕರು ತಮ್ಮ ಸೈನಸ್‌ಗೂ ಹೊಗೆಗೂ ಇರೋ ಸಂಬಂಧವನ್ನು ಒಬ್ಬೊಬ್ಬರಾಗಿ ಸಾಬೀತು ಮಾಡಬೇಕಿತ್ತು. 2021ರಲ್ಲಿ ಆಸ್ತಮಾ, ರೈನೈಟಿಸ್, ಸೈನಸೈಟಿಸ್‌ಗೆ ನಿಯಮ ಬದಲಾಯಿತು, 2022ರ ಆಗಸ್ಟ್‌ನ ಪ್ಯಾಕ್ಟ್ ಕಾಯ್ದೆ ಪಟ್ಟಿಯನ್ನು ಇನ್ನಷ್ಟು ಉದ್ದ ಮಾಡಿತು. ಆ ಜಾಗಗಳಲ್ಲಿ ಸೇವೆ ಮಾಡಿದ್ದರೆ ಸಂಬಂಧ ಇದೆ ಅಂತಲೇ ಹಿಡಿಯುತ್ತಾರೆ. ಆದರೆ ಎಷ್ಟು ಪರ್ಸೆಂಟ್ ಅನ್ನೋದಕ್ಕೆ ಅಲ್ಲಿ ವರ್ಷಕ್ಕೆ ಎಷ್ಟು ಸಲ ಬಂತು ಅನ್ನೋ ಲೆಕ್ಕ ಬೇಕು. ಹಾಸಿಗೆ ಹಿಡಿಸಿದ ಸಲ ಅಂತ ಎಣಿಸೋಕೆ ವಿಶ್ರಾಂತಿ ಜೊತೆ ಡಾಕ್ಟರ ಚಿಕಿತ್ಸೆಯೂ ಇರಬೇಕು. ನಮ್ಮ ದೊಡ್ಡಪ್ಪನ ಹಾಗೆ ಮನೆಯಲ್ಲೇ ಆವಿ ತಗೊಂಡವರ ಕಷ್ಟ ಆ ಲೆಕ್ಕಕ್ಕೆ ಬರಲ್ಲ. ಚೀಟಿ ಎಲ್ಲಿದೆ? ನಮ್ಮ ಗಂಡಸರಿಗೆ ಡಾಕ್ಟರ್ ಹತ್ತಿರ ಹೋಗೋದೇ ಸೋಲು!

ನಿಮ್ಮ ಮನೆಯಲ್ಲೂ ಇಂಥ ಟ್ರಂಕ್ ಇದ್ದರೆ ಒಮ್ಮೆ ತೆಗೆದು ನೋಡಿ. ಮೆಡಿಕಲ್ ಬೋರ್ಡ್ ಕಾಗದ, ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ತಿರಸ್ಕಾರದ ಪತ್ರ, ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಮೊದಲ ಮೇಲ್ಮನವಿ, ಎರಡನೇ ಮೇಲ್ಮನವಿ, ಅದೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ದೊಡ್ಡಪ್ಪ ನಿವೃತ್ತರಾದಾಗ ಇದು ಇರಲೇ ಇಲ್ಲ, ಶುರುವಾದದ್ದು 2009ರಲ್ಲಿ. ಕರ್ನಾಟಕದವರು ಬರೋದು ಕೊಚ್ಚಿ ಪೀಠದ ವ್ಯಾಪ್ತಿಗೆ. ದಾರಿ ತಿಳಿಯದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ.

ತಡವಾಯಿತು ಅನ್ನೋ ಚಿಂತೆ ನನಗೂ ಇತ್ತು. ಪಿಂಚಣಿ ತಿಂಗಳು ತಿಂಗಳು ತಪ್ಪುವ ಹಕ್ಕು, ಹಾಗಾಗಿ ತಡವಾದರೂ ಕೇಳಬಹುದು ಅಂತ 2008ರ ತರ್ಸೇಮ್ ಸಿಂಗ್ ತೀರ್ಪಿದೆ. ಆದರೆ ಹಳೇ ಬಾಕಿ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷದ್ದು ಮಾತ್ರ. ಉಳಿದ ವರ್ಷಗಳ ದುಡ್ಡು ಹೋಯಿತು, ಸಂಕೋಚದ ಬಾಬ್ತು ಅಂತ ಬರೆದುಕೊಳ್ಳಬೇಕು. ಇನ್ನೊಂದು ಮಾತು, 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ. ಆಮೇಲೆ ನಿವೃತ್ತರಾದವರು ಹಳೇ ತೀರ್ಪುಗಳನ್ನಷ್ಟೇ ನಂಬಿಕೊಂಡು ಹೋಗಬೇಡಿ, ವಕೀಲರನ್ನು ಕೇಳಿ.

ಅರ್ಜಿ ಟೈಪ್ ಮಾಡಿ ಕಳಿಸಿದೆ. ಒಂದು ತಿಂಗಳು ದೊಡ್ಡಪ್ಪ ಸಹಿ ಹಾಕಲಿಲ್ಲ. ಮೊನ್ನೆ ಅವರೇ ಫೋನ್ ಮಾಡಿದರು. ಆ ಕಾಲಿನ ಗೆಳೆಯನ ನಂಬರ್ ಹುಡುಕಿ ಮಾತಾಡಿದರಂತೆ.

‘ಏನಂದ್ರು?’

‘ಬೈದ ಕಣೇ. ಇಷ್ಟು ವರ್ಷ ನನ್ನ ಕಾಲು ನೋಡ್ಕೊಂಡು ಸುಮ್ನೆ ಕೂತಿದ್ದೀಯಲ್ಲೋ ದಡ್ಡಾ ಅಂತ.’

ಸಹಿ ಆಗಿದೆ. ಡಿಸ್ಚಾರ್ಜ್ ಬುಕ್ ಮಾತ್ರ ಟ್ರಂಕ್‌ನಲ್ಲಿಲ್ಲ. ಅಟ್ಟದ ಮೇಲಿರಬಹುದು ಅಂತಾರೆ ದೊಡ್ಡಮ್ಮ. ಈ ಭಾನುವಾರ ಬಸ್ ಹತ್ತುತ್ತಿದ್ದೀನಿ, ಬ್ಯಾಗ್‌ನಲ್ಲಿ ಗ್ಯಾಸ್ ಸೋರಿದರೆ ಕೂಗಿಕೊಳ್ಳೋ ಅಲಾರಂ ಒಂದಿದೆ.