ಮುಖ ಬದಲಾದರೆ ಮನುಷ್ಯ ಬದಲಾಗುವನೇ?

2024ರಲ್ಲಿ ತೆರೆಕಂಡ ಅಮೆರಿಕದ ಕರಾಳ ಹಾಸ್ಯಚಿತ್ರ ‘ಎ ಡಿಫರೆಂಟ್ ಮ್ಯಾನ್’ ಈಗ ಮನೆಯಲ್ಲೇ ನೋಡಲು ಲಭ್ಯ. ನಿರ್ದೇಶನ ಆರನ್ ಶಿಂಬರ್ಗ್ ಅವರದು. ಚಿತ್ರಮಂದಿರದ ಗುಂಪಿನಲ್ಲಿ ನಕ್ಕು ಮರೆಯಬಹುದಾದ ದೃಶ್ಯಗಳು ಮನೆಯ ಏಕಾಂತದಲ್ಲಿ ಚುಚ್ಚುತ್ತವೆ.

ನರಗಳ ಮೇಲೆ ಗಡ್ಡೆ ಬೆಳೆಯುವ ನ್ಯೂರೋಫೈಬ್ರೊಮಟೋಸಿಸ್‌ನಿಂದ ಮುಖ ವಿರೂಪಗೊಂಡ ನ್ಯೂಯಾರ್ಕಿನ ನಟ ಎಡ್ವರ್ಡ್, ಪ್ರಾಯೋಗಿಕ ಚಿಕಿತ್ಸೆಯಿಂದ ಸುಂದರನಾಗುತ್ತಾನೆ. ಎಡ್ವರ್ಡ್ ಸತ್ತನೆಂದು ಸುಳ್ಳು ಹೇಳಿ ಹೊಸ ಹೆಸರಿನಲ್ಲಿ ಬದುಕತೊಡಗುತ್ತಾನೆ. ನೆರೆಮನೆಯಾಕೆ ಅವನ ಕಥೆಯನ್ನೇ ನಾಟಕವಾಗಿಸಿದಾಗ, ತನ್ನದೇ ಹಳೆಯ ಮುಖದ ಮುಖವಾಡ ತೊಟ್ಟು ತನ್ನ ಪಾತ್ರವನ್ನು ತಾನೇ ಆಡಬೇಕಾಗುತ್ತದೆ. ಅಷ್ಟರಲ್ಲಿ ಅದೇ ಕಾಯಿಲೆಯ ಆಸ್ವಾಲ್ಡ್ ಹಾಡುತ್ತ, ಹರಟುತ್ತ ಬಂದು ಅದನ್ನೂ ತನ್ನದಾಗಿಸಿಕೊಳ್ಳುತ್ತಾನೆ.

ಆಸ್ವಾಲ್ಡ್ ಪಾತ್ರಧಾರಿ, ಬ್ರಿಟನ್ನಿನ ಆಡಂ ಪಿಯರ್ಸನ್ ಅವರಿಗೆ ಈ ಕಾಯಿಲೆ ನಿಜವಾಗಿಯೂ ಇದೆ. ಎಡ್ವರ್ಡ್ ಆಗಿರುವ ಸೆಬಾಸ್ಟಿಯನ್ ಸ್ಟಾನ್ ಅವರದು ಮೇಕಪ್ಪಿನ ಮುಖ. ಬರ್ಲಿನ್ ಚಿತ್ರೋತ್ಸವದ ಬೆಳ್ಳಿ ಕರಡಿ (2024), ಗೋಲ್ಡನ್ ಗ್ಲೋಬ್ (2025) ಎರಡೂ ಸ್ಟಾನ್ ಪಾಲಾದವು. ಆಸ್ಕರ್ ನಾಮನಿರ್ದೇಶನ ದೊರೆತದ್ದು ಮೇಕಪ್ಪಿಗೆ! ಸ್ಟಾನ್ ಅಭಿನಯದ ಬಗ್ಗೆ ತಕರಾರಿಲ್ಲ. ಆದರೆ ಇಂಥ ಪಾತ್ರ ಬಂದಾಗಲೆಲ್ಲ ಚಿತ್ರೋದ್ಯಮವು ಮೊದಲು ಮೇಕಪ್ ಕಲಾವಿದರನ್ನೇ ಹುಡುಕುವುದೇಕೆ? ಈ ಚಿತ್ರವಾದರೋ ಎರಡೂ ಮುಖಗಳನ್ನು ಎದುರುಬದುರು ನಿಲ್ಲಿಸಿದೆ. ರಿಮೋಟ್ ಈಗ ಪ್ರೇಕ್ಷಕನ ಕೈಯಲ್ಲಿದೆ. ಎಷ್ಟು ಹೊತ್ತು ಬೇಕಾದರೂ ದಿಟ್ಟಿಸಬಹುದು, ತಡೆಯುವವರಿಲ್ಲ.