ಹುಂಡಿಗೂ ಬಿಟ್‌ಕಾಯಿನ್ನಿಗೂ ನಂಟು ಕಟ್ಟುವವರಿಗೆ

ಇತ್ತೀಚಿನ ವರ್ಷಗಳಲ್ಲಿ ವ್ಯಾಪಾರಿ ಮನೆತನಗಳ ತರುಣರು ಹಿರಿಯರ ಮುಂದೆ ಒಂದು ವಾದವನ್ನು ಮಂಡಿಸುತ್ತಿದ್ದಾರೆ. ಕ್ರಿಪ್ಟೊ ಕರೆನ್ಸಿ ಹೊಸತೇನೂ ಅಲ್ಲ. ಅರಸನ ಮುದ್ರೆಯ ಹಂಗಿಲ್ಲದೆ ದೂರದ ಊರಿಗೆ ಹಣ ಮುಟ್ಟಿಸುತ್ತಿದ್ದ ಹುಂಡಿಯೇ ಗಣಕಯಂತ್ರದ ರೂಪ ತಾಳಿ ಬಂದಿದೆ. ಅದನ್ನು ಸಟ್ಟಾ ಎಂದು ಜರೆಯುವವರು ತಮ್ಮ ಅಜ್ಜಂದಿರ ವೃತ್ತಿಯನ್ನೇ ಜರೆದಂತೆ ಎಂಬುದು ಆ ವಾದದ ಸಾರ. ಕೇಳಲು ಸೊಗಸಾದ ಈ ಮಾತು ಪರೀಕ್ಷೆಗೆ ನಿಲ್ಲುವುದಿಲ್ಲ.

ಹುಂಡಿ ಎಂದರೇನು? ಒಬ್ಬ ಸಾಹುಕಾರನು ಮತ್ತೊಂದು ಊರಿನ ತನ್ನ ಅಡತಿಯವನಿಗೆ, ಇಂತಿಷ್ಟು ಹಣವನ್ನು ಇಂಥವನಿಗೆ ಕೊಡತಕ್ಕದ್ದೆಂದು ಬರೆದ ಪತ್ರ. ದರ್ಶನಿ ಹುಂಡಿಯಾದರೆ ಕಂಡೊಡನೆ, ಮುದ್ದತಿ ಹುಂಡಿಯಾದರೆ ಗೊತ್ತಾದ ದಿನಕ್ಕೆ ಹಣ ಸಲ್ಲಬೇಕು. ಅದರ ಹಿಂದೆ ಒಂದು ಹೆಸರು, ಒಂದು ಪೇಢಿ, ಎಷ್ಟೋ ವೇಳೆ ರವಾನೆಯಾದ ಸರಕು ಇರುತ್ತಿತ್ತು. ಹುಂಡಿ ಸಲ್ಲದೆ ಮರಳಿತೆಂದರೆ ಬರೆದವನ ಪತವೇ ಹೋಯಿತು. ಹುಂಡಿಯನ್ನು ಕೊಂಡು, ಅದರ ಬೆಲೆ ಹತ್ತು ಪಟ್ಟಾಗಲೆಂದು ತಿಜೋರಿಯಲ್ಲಿಟ್ಟು ಕಾಯುವುದು ಆ ವೃತ್ತಿಯ ರೀತಿಯಾಗಿರಲಿಲ್ಲ. ಬಿಟ್‌ಕಾಯಿನ್ನಿನ ಹಿಂದೆ ಕೊಡತಕ್ಕವನು ಯಾರೂ ಇಲ್ಲ. 2009ರಲ್ಲಿ ಅದನ್ನು ಆರಂಭಿಸಿದ ಸತೋಷಿ ನಾಕಾಮೊಟೊ ಎಂಬುದೇ ಮಾರುಹೆಸರು. ಆ ವ್ಯಕ್ತಿ ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಅದರ ಸಂಖ್ಯೆ 2 ಕೋಟಿ 10 ಲಕ್ಷವನ್ನು ಮೀರದೆಂಬ ನಿಯಮವೇನೋ ಉಂಟು. ಆದರೆ ವಿರಳವಾದುದೆಲ್ಲ ಉಪಯುಕ್ತವೆಂದು ಯಾವ ವ್ಯಾಪಾರಿಯೂ ಒಪ್ಪನು.

ಹಾಗೆಂದು ಈ ಇಡೀ ವರ್ಗಕ್ಕೆ ಏನೇನೂ ಉಪಯೋಗವಿಲ್ಲವೆಂದು ಸಾರುವುದೂ ಅಸತ್ಯವೇ. 2023ರ ಕೊನೆಗೆ ಅರ್ಜೆಂಟೀನಾದಲ್ಲಿ ವಾರ್ಷಿಕ ಹಣದುಬ್ಬರವು ಶೇ. 200ನ್ನು ಮೀರಿದ್ದಾಗ, ಸಂಬಳ ಕೈಗೆ ಬಂದೊಡನೆ ಅದನ್ನು ಡಾಲರಿಗೆ ಕಟ್ಟಿದ ‘ಸ್ಟೇಬಲ್‌ಕಾಯಿನ್’ ಆಗಿ ಪರಿವರ್ತಿಸಿಕೊಂಡ ಸಂಸಾರಸ್ಥನು ಜೂಜುಗಾರನಲ್ಲ. ಯುದ್ಧದಿಂದ ಮನೆಮಠ ಬಿಟ್ಟ ಯುಕ್ರೇನಿನ ಜನರಿಗೆ 2022ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗವೂ ಅಂಥದೇ ನಾಣ್ಯದ ಮೂಲಕ ನೆರವು ತಲುಪಿಸತೊಡಗಿತು. ಇವು ನಿಜವಾದ ಉಪಯೋಗಗಳು. ಆದರೆ ಎರಡೂ ಕಡೆ ಕೆಲಸಕ್ಕೆ ಬಂದದ್ದು ಏರಿಳಿತದ ಬಿಟ್‌ಕಾಯಿನ್ ಅಲ್ಲ, ಡಾಲರಿನ ನೆರಳು. ಒಂದು ಸರ್ಕಾರದ ಹಣದಿಂದ ಓಡಿದವನು ಮತ್ತೊಂದು ಸರ್ಕಾರದ ಹಣದ ಆಶ್ರಯಕ್ಕೇ ಬಂದಂತಾಯಿತು. ಆ ನೆರಳೂ ಎಲ್ಲ ಕಾಲಕ್ಕೂ ಒಂದೇ ಬಗೆಯದಲ್ಲ: 1 ಡಾಲರಿನ ಬೆಲೆ ಸದಾ ನಿಲ್ಲುವುದೆಂದು ನಂಬಿಸಿದ್ದ ‘ಟೆರಾ’ ವ್ಯವಸ್ಥೆಯು 2022ರ ಮೇ ತಿಂಗಳ ಕೆಲವೇ ದಿನಗಳಲ್ಲಿ ಕುಸಿದು, ಸುಮಾರು 4,000 ಕೋಟಿ ಡಾಲರುಗಳ ಮೌಲ್ಯ ಇಲ್ಲವಾಯಿತು.

ಬಿಟ್‌ಕಾಯಿನ್ನಿಗೆ ಒಂದು ಇಡೀ ದೇಶವೇ ಪ್ರಯೋಗಶಾಲೆಯಾದದ್ದೂ ಉಂಟು. ಎಲ್ ಸಾಲ್ವಡಾರ್ 2021ರ ಸೆಪ್ಟೆಂಬರ್ 7ರಿಂದ ಅದನ್ನು ಶಾಸನಬದ್ಧ ಹಣವೆಂದು ಸಾರಿತು. ಹೊರನಾಡಿನಲ್ಲಿ ದುಡಿಯುವವರು ಮನೆಗೆ ಕಳುಹಿಸುವ ಹಣವೇ ಆ ದೇಶದ ಆದಾಯದ ಐದನೆಯ ಒಂದು ಪಾಲಿಗೂ ಮಿಗಿಲು. ಆದುದರಿಂದ ಉಪಯೋಗವೆಂಬುದು ಎಲ್ಲಾದರೂ ಕಾಣಬೇಕಿದ್ದರೆ ಅಲ್ಲಿಯೇ ಕಾಣಬೇಕಿತ್ತು. ಸರ್ಕಾರವು ತನ್ನ ‘ಚಿವೊ’ ಜೋಳಿಗೆಗೆ ಸೇರಿದ ಪ್ರತಿಯೊಬ್ಬನಿಗೂ 30 ಡಾಲರುಗಳನ್ನು ಉಚಿತವಾಗಿ ಕೊಟ್ಟಿತು. ಬಹುಮಂದಿ ಆ 30 ಡಾಲರು ಖರ್ಚಾಗುವವರೆಗೆ ಬಳಸಿ ಕೈಬಿಟ್ಟರು. 2023ರಲ್ಲಿ ಮನೆಗೆ ಬಂದ ಹಣದಲ್ಲಿ ಈ ದಾರಿಯಿಂದ ಬಂದದ್ದು ಶೇ. 1ರ ಆಸುಪಾಸು. ಕೊನೆಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 140 ಕೋಟಿ ಡಾಲರುಗಳ ಸಾಲ ಪಡೆಯುವ ಒಪ್ಪಂದಕ್ಕಾಗಿ, 2025ರ ಜನವರಿಯಲ್ಲಿ ಆ ಕಾನೂನನ್ನೇ ತಿದ್ದಿ ಅಂಗಡಿಕಾರರ ಮೇಲಿನ ಕಡ್ಡಾಯವನ್ನು ತೆಗೆಯಲಾಯಿತು. ಬಿಟ್ಟಿಯಾಗಿ ಹಂಚಿದರೂ ಜನ ಬಳಸದ ಸರಕಿಗೆ ಪೇಟೆಯ ಭಾಷೆಯಲ್ಲಿ ಏನೆನ್ನುವರೆಂಬುದು ಓದುಗರಿಗೆ ತಿಳಿದಿದೆ.

ಭಾರತದ ಸ್ಥಿತಿಯಂತೂ ಬೇರೆಯೇ. 2025ರ ಆಗಸ್ಟ್ ತಿಂಗಳೊಂದರಲ್ಲಿ ಯುಪಿಐ ಮೂಲಕ ನಡೆದ ಪಾವತಿಗಳು 2,000 ಕೋಟಿಯನ್ನು ದಾಟಿದವು. ತರಕಾರಿ ಮಾರುವಾಕೆಯ ಗಾಡಿಯ ಮೇಲೂ ಅದರ ಚೌಕುಳಿ ಚೀಟಿ ಅಂಟಿರುವ ನಾಡಿನಲ್ಲಿ ಬಿಟ್‌ಕಾಯಿನ್ ಯಾವ ಕೊರತೆಯನ್ನು ನೀಗಿಸಬೇಕು? 2022ರ ಏಪ್ರಿಲಿನಿಂದ ಅದರ ಲಾಭಕ್ಕೆ ಶೇ. 30 ತೆರಿಗೆ, ನಷ್ಟವನ್ನು ಬೇರೆ ಆದಾಯದಲ್ಲಿ ವಜಾ ಮಾಡಲು ಅವಕಾಶವಿಲ್ಲ. ಇಷ್ಟಾದರೂ ಕೊಳ್ಳುವವನು ಬೆಲೆಯೇರಿಕೆಗಾಗಿಯೇ ಕೊಳ್ಳುತ್ತಾನೆ. ಮಧ್ಯವರ್ತಿಯೇ ಬೇಡವೆಂದು ಹುಟ್ಟಿದ ವಸ್ತುವನ್ನು ಆತ ಮಧ್ಯವರ್ತಿಯ ವಶದಲ್ಲಿಯೇ ಇಟ್ಟಿರುತ್ತಾನೆ. 2024ರ ಜುಲೈಯಲ್ಲಿ ಇಲ್ಲಿನ ಒಂದು ದೊಡ್ಡ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರುಗಳ ಸ್ವತ್ತು ಕಳವಾಗಿ, ಗ್ರಾಹಕರು ವರ್ಷಕ್ಕೂ ಮೇಲ್ಪಟ್ಟು ಕಾಯಬೇಕಾಯಿತು. ಪೇಢಿಯ ಬಾಗಿಲಿಗೆ ಹೋಗಿ ಕೇಳೋಣವೆಂದರೆ ಬಾಗಿಲೆಲ್ಲಿದೆ?

ಸಟ್ಟಾ ಆಡುವವನು ಸಟ್ಟಾ ಎಂದೇ ಹೇಳಿ ಆಡಿದರೆ ಅದು ಅವನ ನಷ್ಟಕ್ಕೆ ಬಿಟ್ಟದ್ದು. ಅದನ್ನೇ ‘ಉಳಿತಾಯ’, ‘ಭವಿಷ್ಯದ ಹಣ’ ಎಂದು ಬಂಧುಗಳಿಗೆ ದಾಟಿಸಿ ದಲಾಲಿ ಪಡೆಯುವುದು ಬೇರೆ ದೋಷ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು ಎಣಿಸಿದೆ. ಒಂದು ಸರಕನ್ನು ತೋರಿಸಿ ಮತ್ತೊಂದನ್ನು ಕೊಡುವುದೆಂದು ಅದರ ಅರ್ಥ. ಅರ್ಜೆಂಟೀನಾದವನ ಕಷ್ಟವನ್ನು ತೋರಿಸಿ ಬೆಳಗಾವಿಯ ಗೃಹಸ್ಥನಿಗೆ ಬಿಟ್‌ಕಾಯಿನ್ ಮಾರುವುದು ಇದಕ್ಕಿಂತ ದೂರದ್ದೇನಲ್ಲ.

ಬಸದಿಯ ಟ್ರಸ್ಟುಗಳಿಗೂ ಇಂಥ ದಾನದ ಪ್ರಸ್ತಾಪ ಬಂದೀತು. ಧರ್ಮಾರ್ಥ ಸಂಸ್ಥೆಗಳು ಹಣ ತೊಡಗಿಸಬಹುದೆಂದು ಆದಾಯ ತೆರಿಗೆ ಕಾನೂನು ಒಪ್ಪಿರುವ ಮಾರ್ಗಗಳ ಪಟ್ಟಿಯಲ್ಲಿ ಕ್ರಿಪ್ಟೊ ಇಲ್ಲ. ಬೆಲೆ ಏರಲೆಂದು ಇಟ್ಟುಕೊಂಡ ಟ್ರಸ್ಟು ತನ್ನ ತೆರಿಗೆ ವಿನಾಯಿತಿಯನ್ನೇ ಪಣಕ್ಕೊಡ್ಡಿದಂತೆ. ದಾನಿಯು ಅದನ್ನು ತಾನೇ ಮಾರಿ, ತೆರಿಗೆ ಸಲ್ಲಿಸಿ, ಉಳಿದ ರೂಪಾಯಿಯನ್ನು ಚೆಕ್ಕಿನ ಮೂಲಕ ಕೊಡಲೆಂದು ಆಡಳಿತ ಮಂಡಳಿಯು ಮೊದಲೇ ಠರಾವು ಮಾಡಿಡತಕ್ಕದ್ದು.